ಗಂಡ ಹೆಂಡ್ತಿ ಇಬ್ಬರೂ ವರ್ಷಪೂರ್ತಿ ಜಗತ್ತು ಸುತ್ತೋ ಪ್ಲಾನ್: ಗುಡ್ಡದ ಸೀಮಿಗೆ ಯಾವ ತಿಂಗಳು ಎಲ್ಲಿ ಹೋಗ್ಬೇಕು?

ಸಪ್ತಾಪುರ_ಅಕ್ಕ (ಧಾರವಾಡ)

ನಮಸ್ಕಾರ್ರೀ ಎಲ್ಲಾರಿಗೂ. ನಾನು ನಮ್ಮನಿಯವ್ರು ಇಬ್ಬರೂ ಬರೋ ವರ್ಷ ಕೆಲಸಕ್ಕ ಲಾಂಗ್ ಲೀವ್ ಹಾಕಿ ಜಗತ್ತು ತಿರುಗಿ ಬರಬೇಕಂತ ಗಟ್ಟಿ ಮಾಡೇವಿ, ರೊಕ್ಕಾನೂ ಮದಿವಿ ಆದಾಗಿಂದ ಇದಕ್ಕಂತನ ಬ್ಯಾರೆ ಇಟ್ಕೋತ ಬಂದೇವಿ. ನಮಗ ದೊಡ್ಡ ಸಿಟಿ, ಮಾಲ್, ಕ್ರೂಸ್ ಇಂಥಾದ್ದೇನೂ ಬ್ಯಾಡ, ಗುಡ್ಡದ ಊರು ಬೇಕು. ಕಪ್ಪತಗುಡ್ಡ, ಕುದುರೆಮುಖ, ಮುಳ್ಳಯ್ಯನಗಿರಿ ಎಲ್ಲಾ ಕೂಡೇ ಹತ್ತಿ ಇಳದೇವಿ, ರವಿವಾರ ಬಂತಂದ್ರ ಇಬ್ಬರಿಗೂ ಮನ್ಯಾಗ ಕುಂಡ್ರಾಕ ಆಗೂದಿಲ್ಲ.

ಲಿಸ್ಟಿನ್ಯಾಗ ಸದ್ಯ ನೇಪಾಳ, ಜಾರ್ಜಿಯಾ, ಸ್ವಿಟ್ಜರ್ಲೆಂಡ್, ಕಿಲಿಮಂಜಾರೋ, ಪೆರು, ಬೊಲಿವಿಯಾ, ಪೆಟಗೋನಿಯಾ, ನ್ಯೂಜಿಲೆಂಡ್ ಅವ. ಕೇಳೋದೇನಂದ್ರ ಯಾವ ತಿಂಗಳ ಎಲ್ಲಿ ಇದ್ರ ಹವಾ ಚೊಲೋ ಸಿಗ್ತದ, ಅಂದ್ರ ಹಿಂದ ಮುಂದ ಓಡಾಡಿ ವಿಮಾನಕ್ಕ ರೊಕ್ಕಾ ಸುರಿಯೋದು ಬ್ಯಾಡ. ಎರಡನೇದು ಹೈಟ್ ವಿಚಾರ, ನಮ್ಮನಿಯವ್ರಿಗೆ ಸಣ್ಣಗ ಬಿಪಿ ಅದ, ಗುಳಿಗಿ ತಗೋತಾರ, ಕಂಟ್ರೋಲ್‌ನ್ಯಾಗ ಅದ, ಆದ್ರ ಏರು ಬಂದ್ರ ನಿಧಾನ ನಡೀತಾರ, ನಾ ಬಡಾಬಡಾ ಹೋಗಿಬಿಡ್ತೀನಿ, ಇದರ ಸಲುವಾಗಿ ದಾರ್ಯಾಗ ಮಾತು ಬೆಳೀತದ. ಮತ್ತ ಇಬ್ಬರೂ ಶುದ್ಧ ಶಾಖಾಹಾರಿ, ತತ್ತೀನೂ ತಿನ್ನಂಗಿಲ್ಲ. ಅತ್ತಿಯವರಿಗೆ ನಾವು ವರ್ಷ ಮನಿ ಬಿಟ್ಟು ಹೋಗೋದು ಅಂದ್ರ ಜೀವ ಸಣ್ಣ ಆಗೇದ, ಅವರನ್ನ ಒಂದೆರಡು ವಾರ ಆದ್ರೂ ಸಂಗತೀಲೆ ಕರಕೊಂಡು ಹೋಗೋವಂಥಾ ಜಾಗ ಇದ್ರ ಅದನ್ನೂ ಹೇಳ್ರಿ. ಗೊತ್ತಿದ್ದವರು ಮನಸ್ಸು ಬಿಚ್ಚಿ ಬರೀರಿ, ಉದ್ದ ಆದ್ರೂ ಅಡ್ಡಿಯಿಲ್ಲ, ಓದ್ತೇವಿ.

ಉಣಕಲ್_ಕೆರಿ (ಹುಬ್ಬಳ್ಳಿ)

ಅಕ್ಕಾರ, ನಿಮ್ಮ ಲಿಸ್ಟ್ ನೋಡಿ ಭಾಳ ಖುಷಿ ಆತು. ಒಂದು ಮಾತು, ನೀವು ಬರೆದ ಊರೆಲ್ಲಾ ಪಶ್ಚಿಮದ ಕಡಿ ಮುಖ ಮಾಡಿ ಹೊಂಟ್ರ ಹವಾಕ್ಕ ಬರೋಬ್ಬರಿ ಕೂಡತಾವ. ಮಾರ್ಚ್ ಕಡೀಗೆ ಇಲ್ಲಿಂದ ಬಿಡ್ರಿ, ಮೊದಲ ನೇಪಾಳ. ಮಾರ್ಚ್ ಏಪ್ರಿಲ್‌ನ್ಯಾಗ ಪೋಖರಾ ಮ್ಯಾಲಿನ ಘೋರೆಪಾನಿ ದಾರ್ಯಾಗ ಗುರಾಂಸ್ ಗಿಡ ಪೂರಾ ಕೆಂಪಗ ಹೂ ಬಿಟ್ಟಿರತಾವ, ಅದು ನೇಪಾಳದ ರಾಷ್ಟ್ರೀಯ ಹೂವು, ಅಲ್ಲಿಂದ ಪೂನ್ ಹಿಲ್ 3,210 ಮೀಟರ್, ನಸೀಕಲೆ ಹತ್ತಿದ್ರ ಧೌಲಗಿರಿ, ಅನ್ನಪೂರ್ಣ ಎದುರಿಗೇ ಇರತಾವ. ಜೂನ್ ಹತ್ತಿತಂದ್ರ ಅಲ್ಲಿ ಮಳಿ, ಜಿಗಣಿ, ಗುಡ್ಡ ಕುಸಿಯೋದು, ಅಷ್ಟೊತ್ತಿಗೆ ನೀವು ಅಲ್ಲಿಂದ ಎದ್ದಿರಬೇಕು. ಮೇ ಜೂನ್ ಜಾರ್ಜಿಯಾ, ಜುಲೈ ಆಗಸ್ಟ್ ಆಲ್ಪ್ಸ್, ಸೆಪ್ಟೆಂಬರ್ ಟಾಂಜಾನಿಯಾ, ಕಿಲಿಮಂಜಾರೋ ಕಡಿ ಜೂನ್‌ನಿಂದ ಅಕ್ಟೋಬರ್ ತನಕ ಒಣ ಹವಾ. ಆಮ್ಯಾಲೆ ಪೆರು ಬೊಲಿವಿಯಾ, ಅಲ್ಲಿ ಮೇನಿಂದ ಸೆಪ್ಟೆಂಬರ್ ಖರೇ ಒಣಗಾಲ, ಅಕ್ಟೋಬರ್‌ನ್ಯಾಗ ಹೋದ್ರೂ ನಡೀತೈತಿ, ಜನವರಿ ಫೆಬ್ರುವರಿಗೆ ಹೋಗಬ್ಯಾಡ್ರಿ, ಮಾಚು ಪಿಚು ಅನ್ನೋ ಹಳೇ ಇಂಕಾ ಊರಿಗೆ ನಡದ ಹೋಗೋ ದಾರಿ ಇಂಕಾ ಟ್ರೇಲ್‌ನ ಫೆಬ್ರುವರಿ ಪೂರ್ತಿ ಮುಚ್ಚಿರತಾರ. ನವೆಂಬರ್ ಡಿಸೆಂಬರ್ ದಕ್ಷಿಣ ಅಮೆರಿಕದ ತುದಿಯ ಪೆಟಗೋನಿಯಾ, ಅಲ್ಲಿ ಆಗ ಬ್ಯಾಸಿಗಿ, ಗಾಳಿ ಮಾತ್ರ ಮನಿಶಾನ್ನ ನೂಕುವಂಗ ಬೀಸತೈತಿ. ಅಲ್ಲಿಂದ ಚಿಲಿಯ ಸಾಂಟಿಯಾಗೋಕ್ಕ ಬಂದು ಆಕ್ಲಂಡ್ ಫ್ಲೈಟ್ ಹಿಡದ್ರ ಜನವರಿ ಫೆಬ್ರುವರಿ ನ್ಯೂಜಿಲೆಂಡ್, ಆಮ್ಯಾಲೆ ಮನಿ. ಹಿಂದ ಮುಂದ ಭಾಳ ಓಡೂದಿಲ್ಲ, ಸ್ಟಾರ್ ಅಲಯನ್ಸ್, ಒನ್‌ವರ್ಲ್ಡ್‌ನಂಥಾ ಏರ್‌ಲೈನ್ ಕೂಟದವರು ಕೊಡೋ ರೌಂಡ್ ದ ವರ್ಲ್ಡ್ ಟಿಕೆಟ್ಟಿಗೂ ಹಿಂಗ ಒಂದ ದಿಕ್ಕಿಗೆ ಹೊಂಟ್ರನ ಹೊಂದತೈತಿ.

ಶೆಂಗೆನ್ ವೀಸಾ, ಅಂದ್ರ ಯುರೋಪಿನ ಭಾಳ ದೇಶಕ್ಕ ಕೂಡಿ ಒಂದ ವೀಸಾ, ಅದನ್ನ ಮಾತ್ರ ಇಲ್ಲಿಂದ ಬಿಡೋಕಿಂತ ಮುಂಚೆ ಬೆಂಗಳೂರಿಗೆ ಹೋಗಿ ಬೆರಳು ಕೊಟ್ಟು ಮಾಡಿಸ್ಕೊಂಡ ಹೋಗ್ರಿ, ಯಾಕಂದ್ರ ಅದಕ್ಕ ನೀವು ವಾಸ ಇರೋ ದೇಶದಾಗನ ಅರ್ಜಿ ಹಾಕಬೇಕು, ದಾರ್ಯಾಗ ಎಲ್ಲೋ ನಿಂತು ಹಾಕ್ತೀನಿ ಅಂದ್ರ ಆಗೂದಿಲ್ಲ. ಟ್ರಿಪ್ಪಿಗೆ 6 ತಿಂಗಳ ಮೊದಲಿಂದ ಅರ್ಜಿ ತಗೋತಾರ. ಆ ವೀಸಾ ಜಾರ್ಜಿಯಾಕ್ಕ ಹೋಗೋ ದಿನಕ್ಕ ಚಾಲ್ತಿ ಇದ್ರ ಅಲ್ಲಿಗೆ ಬ್ಯಾರೆ ವೀಸಾ ಬೇಕಾಗೂದಿಲ್ಲ, ಅದೊಂದು ಲಾಭ.

ಸ್ವಿಟ್ಜರ್ಲೆಂಡ್ ಬಗ್ಗೆ ನನ್ನ ಅಭಿಪ್ರಾಯ ಅಂದ್ರ ಅಲ್ಲಿ ಒಂದ ವಾರ ಸಾಕು, ರೊಕ್ಕಾ ಭಾಳ ತಿಂತೈತಿ. ಉಳದ ದಿನ ಅದ ವೀಸಾದಾಗ ಇಟಲಿಯ ಡೋಲೊಮೈಟ್ಸ್, ಇಲ್ಲಾಂದ್ರ ಸ್ಲೊವೇನಿಯಾದ ಬೋಹಿನ್ ಕೆರಿ ಕಡಿ ಹೋಗ್ರಿ. ಅದ ಆಲ್ಪ್ಸ್, ಅದ ಸುಣ್ಣಗಲ್ಲಿನ ಗೋಡಿ, ಖರ್ಚು ಕಡಿಮಿ.

ವಿದ್ಯಾನಗರ_ಡಾಕ್ಟರ್ (ಹುಬ್ಬಳ್ಳಿ)

ನಾನು ಫಿಸಿಶಿಯನ್ ಇದ್ದೀನಿ, ಹೈಟ್ ಬಗ್ಗೆ ಕೇಳೀರಿ ಅಂತ ಸ್ವಲ್ಪ ಬಿಡಿಸಿ ಬರೀತೀನಿ, ಇದನ್ನ ದಯಮಾಡಿ ಇಬ್ಬರೂ ಕೂತು ಓದ್ರಿ.

ಮ್ಯಾಲ ಹೋದಂಗ ಗಾಳಿಯ ಒತ್ತಡ ಇಳೀತದ, 5,500 ಮೀಟರ್‌ಗೆ ಅದು ಸಮುದ್ರಮಟ್ಟದ ಅರ್ಧಕ್ಕ ಬರ್ತದ. ಗಾಳ್ಯಾಗ ಆಕ್ಸಿಜನ್ ಪರ್ಸೆಂಟ್ ಅಷ್ಟೇ ಇದ್ರೂ ಒಂದೊಂದು ಉಸಿರಿಗೆ ಒಳಗ ಹೋಗೋದು ಕಡಿಮಿ. ಶರೀರ ಇದಕ್ಕ ಹೊಂದ್ಕೊಳ್ಳತದ, ಆದ್ರ ಅದಕ್ಕ ದಿನಾ ಬೇಕು. 2,500 ಮೀಟರ್ ದಾಟಿದ ಮ್ಯಾಲ ತೊಂದ್ರಿ ಶುರು ಆಗಬಹುದು: ತಲಿನೋವು, ಹೊಟ್ಟಿ ತೊಳಸೋದು, ಊಟ ಬ್ಯಾಡ ಅನಸೋದು, ನಿದ್ದಿ ಬರದೇ ಇರೋದು. ನಮ್ಮ ಕರ್ನಾಟಕದ ಅತೀ ಎತ್ತರದ ಮುಳ್ಳಯ್ಯನಗಿರಿನ 2,000 ಮೀಟರ್ ಮುಟ್ಟೂದಿಲ್ಲ, ಹಿಂಗಾಗಿ ಇಲ್ಲಿ ಎಷ್ಟ ಗುಡ್ಡ ಹತ್ತಿದ್ರೂ ಕಾಲು ಗಟ್ಟಿ ಆಗ್ತಾವ ಹೊರತು ಹೈಟ್ ನಿಮಗ ಹೆಂಗ ಕೂಡ್ತದ ಅನ್ನೋದು ಗೊತ್ತಾಗೂದಿಲ್ಲ. ದಿನಾ ಓಡೋ ಗಟ್ಟಿ ಹುಡುಗಗೂ ಆಗಬಹುದು, ಅವನ ಸಂಗತಿ ನಿಧಾನ ಬಂದ ಅವರವ್ವಗ ಏನೂ ಆಗದೇ ಇರಬಹುದು. ಹಿಂಗಾಗಿ ಅಕ್ಕಾರ, ಬಡಾಬಡಾ ನಡ್ಯಾವ್ರು ನೀವದೀರಿ, ನಾ ನಿಮಗೇ ಹೆಚ್ಚು ಹೇಳಾಕತ್ತೀನಿ.

3,000 ಮೀಟರ್ ಮ್ಯಾಲ ಹೋದ್ರ, ಇವತ್ತ ಮಲಗಿದ ಜಾಗಕ್ಕಿಂತ ನಾಳೆ ಮಲಗೋ ಜಾಗ 500 ಮೀಟರ್‌ಗಿಂತ ಹೆಚ್ಚು ಮ್ಯಾಲ ಇರಬಾರದು, 3-4 ದಿನಕ್ಕೊಮ್ಮೆ ಅಲ್ಲೇ ಒಂದ ದಿನ ನಿಲ್ಲಬೇಕು. ಹಗಲ ಹೊತ್ತು ಮ್ಯಾಲ ಹೋಗಿ ರಾತ್ರಿಗೆ ಕೆಳಗ ಇಳದು ಮಲಗೋದು ಇನ್ನೂ ಚೊಲೋ. ತಲಿನೋವು ಹತ್ತಿದ್ರ ಇದ್ದಲ್ಲೇ ಇರ್ರಿ, ಮ್ಯಾಲ ಹೋಗಬ್ಯಾಡ್ರಿ. ಸುಮ್ಮನ ಕೂತಾಗೂ ದಮ್ಮು ಹತ್ತಾಕತ್ತಿದ್ರ, ಕೆಮ್ಮಿನ್ಯಾಗ ಗುಳುಗುಳು ಸಪ್ಪಳ ಬಂದ್ರ, ನೆಟ್ಟಗ ಗೆರಿ ಮ್ಯಾಲ ಹಿಮ್ಮಡಿಗೆ ಬೆರಳು ಹಚ್ಚಿ ನಡೀಲಿಕ್ಕೆ ಬರದಿದ್ರ, ಮಾತು ತೊದಲಿದ್ರ, ಅದು ಪುಪ್ಪುಸಕ್ಕ ಇಲ್ಲಾ ಮಿದುಳಿಗೆ ನೀರು ತುಂಬಾಕತ್ತಿದ ಲಕ್ಷಣ. ಆಗ ರಾತ್ರಿ ಎಷ್ಟರೇ ಆಗಿರ್ಲಿ ತಕ್ಷಣ ಕೆಳಗ ಇಳೀಬೇಕು. ಬ್ಯಾರೆ ಯಾವ ಔಷಧಾನೂ ಇಳಿಯೋದಕ್ಕ ಸಮ ಅಲ್ಲ.

ಗಂಡ ಹೆಂಡ್ತಿ ಕೂಡಿ ಹೋಗೋದ್ರಾಗ ಇಲ್ಲಿ ದೊಡ್ಡ ಅನುಕೂಲ ಅದ. ಹೈಟ್ ಬಡದ ಮನಿಶಾಗ ತನಗ ಬಡದೇದ ಅಂತ ತಿಳಿಯೂದಿಲ್ಲ, "ಏನೂ ಆಗಿಲ್ಲ, ನಡೀರಿ" ಅಂತನ ಅಂತಾನ. ದಿನಾ ಮಾರಿ ನೋಡೋರಿಗೆ ಗೊತ್ತಾಗ್ತದ. ಬಿಡೋಕಿಂತ ಮುಂಚೇನ ಇಬ್ಬರೂ ಮಾತು ಕೊಟ್ಕೊಳ್ರಿ, ಒಬ್ಬರು ಇಳಿಯೋಣು ಅಂದ್ರ ಇನ್ನೊಬ್ಬರು ವಾದ ಮಾಡೂದಿಲ್ಲ ಅಂತ.

ಬಿಪಿ ಕಂಟ್ರೋಲ್‌ನ್ಯಾಗ ಇದ್ರ ಹೋಗಬಹುದು, ಆದ್ರ ಮ್ಯಾಲ ಹೋದಾಗ ಮೊದಲ ಕೆಲವು ದಿನ ಬಿಪಿ ಏರ್ತದ, ಹಿಂಗಾಗಿ ಇಸಿಜಿ, ಅವಶ್ಯ ಇದ್ರ ಟ್ರೆಡ್‌ಮಿಲ್ ಟೆಸ್ಟ್ ಮಾಡಿಸಿ, ನೋಡಾಕತ್ತಿದ ಡಾಕ್ಟರ ಹತ್ರನ ಗುಳಿಗಿ ಹೆಂಗ ತಗೋಬೇಕು ಕೇಳ್ರಿ, ಸಣ್ಣ ಬಿಪಿ ಮಶೀನ್ ಒಯ್ರಿ. ಹೈಟ್ ತೊಂದ್ರಿ ಆಗದಂಗ ಡಯಾಮಾಕ್ಸ್ ಅಂತ ಗುಳಿಗಿ ಅದ, ಮ್ಯಾಲ ಹತ್ತೋದಕ್ಕ ಒಂದ ದಿನ ಮೊದಲು ಶುರು ಮಾಡ್ತಾರ, ಆದ್ರ ಸಲ್ಫಾ ಅಲರ್ಜಿ ಇದ್ದವರು, ಬ್ಯಾರೆ ಬಿಪಿ ಗುಳಿಗಿ ತಗೊಳ್ಳಾವ್ರು ಕೇಳದೇ ತಗೋಬಾರದು. ಮೊದಲ ಎರಡು ರಾತ್ರಿ ನಿದ್ದಿ ಗುಳಿಗಿ, ದಾರು ಎರಡೂ ಬ್ಯಾಡ.

ಕಿಲಿಮಂಜಾರೋ 5,895 ಮೀಟರ್ ಅದ, ನಿಮ್ಮ ಸಾಹೇಬ್ರಿಗೆ ನಾ ಅದನ್ನ ಹೇಳೂದಿಲ್ಲ. 5-6 ದಿನದಾಗ ಅಷ್ಟು ಎತ್ತರಕ್ಕ ಹೋಗೋ ಪ್ಯಾಕೇಜ್ ಮಾರ್ತಾರ, ಅದು ನಾ ಮ್ಯಾಲ ಹೇಳಿದ ಲೆಕ್ಕಕ್ಕ ಎಲ್ಲಿಯೂ ಕೂಡೂದಿಲ್ಲ. ಮರಾಂಗು ದಾರ್ಯಾಗ ಮಂದಾರಾ ಹಟ್ ತನಕ, ಸುಮಾರು 2,700 ಮೀಟರ್, ಒಂದ ದಿನದಾಗ ಹೋಗಿ ಬರಬಹುದು, ದಟ್ಟ ಕಾಡು, ಕೋತಿ, ಪಾಚಿ ಜೋತು ಬಿದ್ದ ಗಿಡ ಎಲ್ಲಾ ನೋಡಾಕ ಸಿಗ್ತಾವ. ಅಷ್ಟು ಸಾಕು.

ಬ್ಯಾಡಗಿ_ಹುಡುಗ (ಹಾವೇರಿ)

ಡಾಕ್ಟ್ರು ಹೇಳಿದ್ದು ಪೆರು ಬೊಲಿವಿಯಾಕ್ಕ ಇನ್ನೂ ಹೆಚ್ಚು ಹತ್ತತೈತಿ ನೋಡ್ರಿ, ಯಾಕಂದ್ರ ಅಲ್ಲಿ ಗುಡ್ಡ ಹತ್ತಾಕಂತನ ಹೋಗಬೇಕಂತಿಲ್ಲ, ವಿಮಾನ ಇಳಿಯೂದ 3,400 ಮೀಟರ್‌ಗೆ. ನಾನು ನಮ್ಮಾಕಿ ಹೋದಾಗ ಕುಸ್ಕೋದಾಗ ಇಳದು ಅಲ್ಲಿ ನಿಲ್ಲಲಾರದೇ ಸೀದಾ ಟ್ಯಾಕ್ಸಿ ಹಿಡದು ಕೆಳಗ ಸೇಕ್ರೆಡ್ ವ್ಯಾಲಿಗೆ ಹೋಗಿ ಒಯ್ಯಾಂಟಾಯ್‌ಟಾಂಬೋ ಅಂತ ಊರಾಗ ಉಳಕೊಂಡ್ವಿ, ಅದು 2,800 ಮೀಟರ್, ಮಾಚು ಪಿಚುಗೆ ರೈಲೂ ಅಲ್ಲಿಂದನ ಬಿಡತೈತಿ, ಮಾಚು ಪಿಚು ಅಂತೂ ಇನ್ನೂ ಕೆಳಗ, 2,430. ಕೆಳಗಿಂದ ಶುರು ಮಾಡಿ ಕೊನೀಗೆ ಕುಸ್ಕೋ, ಆಮ್ಯಾಲೆ ಟಿಟಿಕಾಕಾ ಕೆರಿ 3,800, ಕಡೀಕ ಬೊಲಿವಿಯಾದ ಲಾ ಪಾಸ್, ಹಿಂಗ ಹಂತ ಹಂತಕ್ಕ ನಿಧಾನ ಹೋಗ್ರಿ. ಲಾ ಪಾಸಿಗೆ ವಿಮಾನದಾಗ ಹೋದ್ರ ಏರ್‌ಪೋರ್ಟ್ ಐತೆಲ್ಲಾ ಎಲ್ ಆಲ್ಟೋ, ಅದು 4,000ದ ಮ್ಯಾಲ, ಬಸ್ಸಿನ್ಯಾಗ ಕೆರಿ ದಂಡಿ ಹಿಡದು ಹೋಗೂದ ವಾಸಿ. ಆ ಊರಾಗ ಸಿಟಿ ಬಸ್ ಇದ್ದಂಗ 2014ರಿಂದ ಕೇಬಲ್ ಕಾರ್ ಅದಾವ, ಸಂತಿ ಚೀಲ ಹಿಡಕೊಂಡ ಹೆಣ್ಣಮಕ್ಕಳು, ಸಾಲಿ ಹುಡುಗರು ಎಲ್ಲಾ ಅದ್ರಾಗನ ಓಡಾಡತಾರ, ಸಂಜಿ ಮುಂದ ಅದ್ರಾಗ ಕುಂತು ಇಲ್ಲಿಮನಿ ಗುಡ್ಡದ ಹಿಮ ನೋಡಬೇಕು, ತಿರುಗಿ ತಿರುಗಿ ಹತ್ತಿದ್ವಿ ನಾವು.

ನಮ್ಮ ಮನಿತನ ಮೆಣಸಿನಕಾಯಿ ವ್ಯಾಪಾರದ್ದು, ಹಿಂಗಾಗಿ ಕುಸ್ಕೋದ ಸಾನ್ ಪೆಡ್ರೋ ಮಾರ್ಕೆಟ್‌ನ್ಯಾಗ ನನಗ ಕಾಲ ಕೀಳಾಕ ಆಗ್ಲಿಲ್ಲ. ಮೆಣಸಿನಕಾಯಿ ಹುಟ್ಟಿದ್ದ ಆ ಖಂಡದಾಗ, ಪೋರ್ಚುಗೀಸರ ಕಾಲಕ್ಕ ನಮ್ಮ ಕಡಿ ಬಂದೈತಿ. ಅಲ್ಲಿ ರೊಕೋಟೋ ಅಂತ ಒಂದು ಜಾತಿ, ನೋಡಾಕ ಗುಂಡಗ ದಪ್ಪಗ, ಒಡದ್ರ ಒಳಗ ಬೀಜ ಕರ್ರಗ. ಮಾರೂ ಅಜ್ಜಿ ಒಂದು ಹೋಳು ಕೊಟ್ಟು ನನ್ನ ಮಾರೀನ ನೋಡಕೋತ ಕುಂತಿದ್ಲು. ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು ಖಾರ ಕಡಿಮಿ, ಇದು ಖಾರಾನ ಖಾರ, ಕಣ್ಣಾಗ ನೀರ ಬಂದ್ವು, ಅಜ್ಜಿ ನಕ್ಕು ಬ್ರೆಡ್ ಮುರದು ಕೊಟ್ಲು. ಬಾಜೂಕ ಚುನ್ಯೋ ಅಂತ ಕರ್ರಗ ಬಿಳಿ ಕಲ್ಲಿನಂಥಾ ಒಣ ಆಲೂಗಡ್ಡಿ ರಾಶಿ. ರಾತ್ರಿ ಥಂಡ್ಯಾಗ ಹೊಲದಾಗ ಹರವಿ ಹೆಪ್ಪುಗಟ್ಟಿಸಿ, ಹಗಲ ಬಿಸಲಿಗೆ ಕರಗಿದ ಮ್ಯಾಲ ಕಾಲಿಲೆ ತುಳದು ನೀರು ತಗದು ಒಣಗಸತಾರ, ವರ್ಷಗಟ್ಟಲೆ ಇಟ್ರೂ ಕೆಡೂದಿಲ್ಲ. ಗುಡ್ಡದ ಮಂದಿ ಥಂಡೀನ ಕೆಲಸಕ್ಕ ಹಚ್ಚಿಕೊಂಡ ರೀತಿ ನೋಡಿ ನನಗ ಭಾಳ ಅಭಿಮಾನ ಆತು.

ಊಟಕ್ಕ ಅಂದ್ರ, ಅವರ ಸ್ಪ್ಯಾನಿಶ್ ಮಾತಿನ್ಯಾಗ "ಸಿನ್ ಕಾರ್ನೆ", ಅಂದ್ರ ಮಾಂಸ ಬ್ಯಾಡ, ಅಂತ ಬರೇ ಹೇಳಿದ್ರ ಮಟನ್ ಬೀಫ್ ತಗದು ಕೋಳಿ ಹಾಕತಾರ, ಅದಕ್ಕ "ಸಿನ್ ಕಾರ್ನೆ, ಸಿನ್ ಪೋಯೋ, ಸಿನ್ ಪೆಸ್ಕಾದೋ, ಸಿನ್ ವೇವೋ" ಅಂತ ಚೀಟಿ ಬರಕೊಂಡು ತೋರಸ್ರಿ, ಅಂದ್ರ ಮಾಂಸ, ಕೋಳಿ, ಮೀನು, ತತ್ತಿ ಯಾವದೂ ಬ್ಯಾಡ ಅಂತ. ಸೂಪ್ ಮಾತ್ರ ಕೇಳದೇ ಕುಡೀಬ್ಯಾಡ್ರಿ, ಎಲುಬಿನ ನೀರಾಗ ಮಾಡಿರತಾರ. ಕಿನೋವಾ, ಮುಸುಕಿನಜೋಳ, ಅವರೀಕಾಳಿನಂಥಾ ಹಾಬಾಸ್, ನೂರಾರು ನಮೂನಿ ಆಲೂಗಡ್ಡಿ, ಉಪವಾಸ ಬೀಳೂದಿಲ್ಲ.

ಮುಳಗುಂದ_ನಾಕಾ (ಗದಗ)

ಅಕ್ಕಾರ, ನಿಮ್ಮ ನಡಗಿ ಜಗಳದ ಮಾತು ಓದಿದೆ. ನಾ ಗಂಡಸು, ನಮ್ಮ ಜೋಡ್ಯಾಗ ನಾನ ನಿಧಾನ, ನಮ್ಮ ಮನಿಯಾಕಿ ಕುರಿ ಕಾಯೋರ ಮನಿತನದಾಕಿ, ಏರು ಕಂಡ್ರ ಆಕಿಗೆ ಕಾಲು ನಿಲ್ಲೂದಿಲ್ಲ. ಹಿಂಗಾಗಿ ನಿಮ್ಮ ಸಾಹೇಬ್ರ ಪರವಾಗಿ ಹೇಳ್ತೀನಿ ಅಂತ ತಿಳಕೊಳ್ರಿ. ನಿಧಾನ ನಡ್ಯಾವ್ರು ಮುಂದ ಇರಬೇಕು, ಜಲ್ದಿ ನಡ್ಯಾವ್ರು ಹಿಂದ. ಯಾಕಂದ್ರ ಮುಂದ ಹೋದವರು ತಿರುವಿನ್ಯಾಗ ನಿಂತು ದಮ್ ತಗೊಂಡಿರತಾರ, ಹಿಂದಿನವರು ಬಂದು ಮುಟ್ಟಿದ ಕೂಡಲೇ "ನಡಿ" ಅಂತ ಮತ್ತ ಹೊಂಡತಾರ, ದಮ್ ಬೇಕಾಗಿದ್ದವರಿಗೆ ದಮ್ ಸಿಗೂದ ಇಲ್ಲ. ಇದೊಂದು ಬದಲಾದ ಮ್ಯಾಲ ನಮ್ಮ ನಡುವ ಆ ಮಾತ ಬರಲಿಲ್ಲ. ಜಲ್ದಿ ನಡ್ಯಾವ್ರಿಗೆ ನೀರಿನ ಭಾರ, ಜಾಕೀಟು ಎಲ್ಲಾ ಹೊರಸ್ರಿ, ಇಬ್ಬರ ಸ್ಪೀಡೂ ಕೂಡತಾವ.

ನಿಮ್ಮ ಲಿಸ್ಟಿನ್ಯಾಗ ನಾ ಮನಸಾರೆ ಹೇಳೂದು ಜಾರ್ಜಿಯಾ. ಎತ್ತರದ ಚಿಂತಿ ಇಲ್ಲ, ಸ್ಟೆಪಾಂಟ್ಸ್‌ಮಿಂಡಾ ಊರು 1,740 ಮೀಟರ್, ಅಲ್ಲಿಂದ ಗೆರ್ಗೆಟಿ ದೇವಸ್ಥಾನ, ಅಂದ್ರ ಅವರ ಹಳೇ ಚರ್ಚು, 2,170 ಮೀಟರ್. ಜೀಪೂ ಹೋಗತಾವ, ನಡದ ಹೋಗ್ರಿ. ನಾವು ಹತ್ತೂ ಮುಂದ ಮಂಜು ಹೆಂಗ ಕವಿದಿತ್ತಂದ್ರ ಮುಂದಿನವರ ಬೆನ್ನ ಚೀಲ ಬಿಟ್ರ ಏನೂ ಕಾಣಲಿಲ್ಲ, ಚರ್ಚಿನ ಗ್ವಾಡಿ ಕೈಗೆ ಹತ್ತುವಷ್ಟು ಸಮೀಪ ಬಂದ ಮ್ಯಾಲ ಕಂಡಿತು. ಬಾಗಲಾಗ ಹೆಣ್ಣಮಕ್ಕಳಿಗಂತ ಸೆರಗಿನಂಥಾ ಅರಿವಿ ಇಟ್ಟಿರತಾರ, ತಲಿ ಮುಚ್ಚಬೇಕು, ಪ್ಯಾಂಟ್ ಮ್ಯಾಲ ಸುತ್ತಕೋಬೇಕು. ಅಲ್ಲಿ ಮೇಣದಬತ್ತಿ ಹಚ್ಚಾಕ ಬಂದಿದ್ದ ವಯಸ್ಸಾದ ಹೆಣ್ಣಮಗಳು ನಮ್ಮಾಕಿಗೆ ಅದನ್ನ ತಾನ ಸೊಂಟಕ್ಕ ಸುತ್ತಿ ಗಂಟು ಹಾಕಿ, ಗದ್ದ ಹಿಡದು ಏನೋ ಹೇಳಿದ್ಲು. ಮಾತ ತಿಳಿಲಿಲ್ಲ, ನಮ್ಮಾಕಿ ಬಗ್ಗಿ ಕಾಲ ಮುಟ್ಟಿ ನಮಸ್ಕಾರ ಮಾಡಿದ್ಲು. ಹೊರಗ ಬಂದು ಕಟ್ಟಿ ಮ್ಯಾಲ ಕುಂತ ಹೊತ್ತಿಗೆ ಮಂಜು ಹರದು ಕಾಜ್‌ಬೆಗ್ ಗುಡ್ಡ ಪೂರಾ ಎದ್ದು ನಿಂತಿತು, 5,000 ಮೀಟರ್ ಮ್ಯಾಲಿನ ಗುಡ್ಡ ಅದು.

ಶಾಖಾಹಾರಿಗಳಿಗೆ ಅಲ್ಲಿ ಚಿಂತಿನ ಇಲ್ಲ. ಬದ್ರಿಜಾನಿ ಅಂತ ಬದನಿಕಾಯಿಗೆ ಅಕ್ರೋಟ್ ಬಳ್ಳೊಳ್ಳಿ ಅರದು ಹಚ್ಚಿ ಕೊಡತಾರ, ನಮ್ಮ ಎಣಗಾಯಿಯ ಬೀಗರಿದ್ದಂಗ. ಲೋಬಿಯಾನಿ ಅಂದ್ರ ಒಳಗ ಕಾಳು ತುಂಬಿದ ರೊಟ್ಟಿ. ಹಿಟ್ಟಿನ್ಯಾಗ ತತ್ತಿ ಹಾಕ್ಯಾರೋ ಇಲ್ಲೋ ಕೇಳ್ರಿ. ಟೈಂ ಇದ್ರ ಸ್ವಾನೆಟಿಯ ಉಶ್ಗುಲಿಗೂ ಹೋಗ್ರಿ, ಮನಿ ಮನಿಗೂ ಕಲ್ಲಿನ ಕಾವಲು ಗೋಪುರ, 1996ರಿಂದ ಯುನೆಸ್ಕೋ ಪಟ್ಟಿನ್ಯಾಗ ಐತಿ.

ಇನ್ನೊಂದು, ದೇಶ ಕಡಿಮಿ ಮಾಡ್ರಿ. ಗುಡ್ಡದ ಊರಾಗ ಎರಡು ದಿನಕ್ಕಂತ ಹೋದ್ರ ಎರಡೂ ದಿನ ಮೋಡ ಇರತಾವ, ಹತ್ತು ದಿನ ಕುಂತ್ರ ಗುಡ್ಡ ತಾನ ಕಾಣತೈತಿ. ಅಲ್ಲಿ ಮನಿಯವರ ಹೆಸರು ಗೊತ್ತಾಗತಾವ, ಒಬ್ಬರಿಗೆ ಮೈ ಹಗುರಿಲ್ಲಂದ್ರ ಮಲಗಬಹುದು, ಇನ್ನೊಬ್ಬರು ಒಬ್ಬರ ಒಂದು ತಾಸು ಅಡ್ಡ್ಯಾಡಿ ಬರಬಹುದು. ವರ್ಷಗಟ್ಟಲೆ ಇಪ್ಪತ್ನಾಕು ತಾಸೂ ಕೂಡೇ ಇರಾವ್ರಿಗೆ ಆ ಒಂದು ತಾಸು ಬೇಕ ಬೇಕು.

ಅತ್ತಿಯವರನ್ನ ನೇಪಾಳಕ್ಕ ಕರಕೊಂಡ ಹೋಗ್ರಿ, ಅಲ್ಲಿ ಗುಡ್ಡದಾಗಿನ ವಿಷ್ಣು ಗುಡಿ ಮುಕ್ತಿನಾಥ ಮಾಡಸ್ರಿ. ಭಾರತದವರಿಗೆ ವೀಸಾನ ಬೇಕಾಗಿಲ್ಲ. ಪೋಖರಾದಿಂದ ಜೋಮ್‌ಸೋಮ್‌ಗೆ ಸಣ್ಣ ವಿಮಾನ ಮುಂಜಾನೆ ಅಷ್ಟ ಹಾರತಾವ, ಮಧ್ಯಾಹ್ನ ಕಾಳಿ ಗಂಡಕಿ ಕಣಿವ್ಯಾಗ ಗಾಳಿ ಜೋರು. ಪೋಖರಾ 800 ಮೀಟರ್ ಚಿಲ್ಲರೆ, ಜೋಮ್‌ಸೋಮ್ 2,700 ಮೀಟರ್, ಅಂದ್ರ ಅದ ದಿನ ಮುಕ್ತಿನಾಥಕ್ಕ ಜೀಪ್ ಹತ್ತಿಸಬ್ಯಾಡ್ರಿ, ಅದು 3,700ರ ಮ್ಯಾಲ. ಬಾಜೂಕ ಮಾರ್ಫಾ ಅಂತ ಸೇಬಿನ ತೋಟದ ಊರು ಐತಿ, ಅಲ್ಲಿ ಎರಡು ರಾತ್ರಿ ಇರ್ರಿ. ಗುಡಿಯ 108 ಧಾರಿ ನೀರು ಹಿಮದಷ್ಟ ಥಂಡಿ, ವಯಸ್ಸಾದವರು ತಲಿ ಮ್ಯಾಲ ಪ್ರೋಕ್ಷಣೆ ಮಾಡಿಕೊಂಡ್ರ ನಡೀತೈತಿ, ಪೂರ್ತಿ ಮೈ ತೋಯಿಸಿಕೊಳ್ಳೂದು ಬ್ಯಾಡ. ಡಾಕ್ಟ್ರು ಹೇಳಿದ ಟೆಸ್ಟು ಅವರಿಗೂ ಮಾಡಸ್ರಿ.

ಸಪ್ತಾಪುರ_ಅಕ್ಕ (ಧಾರವಾಡ)

ಎಲ್ಲಾರಿಗೂ ಕೈ ಮುಗೀತೀನ್ರಿ. ನಮ್ಮನಿಯವ್ರು ಮುಳಗುಂದ ನಾಕಾ ಅಣ್ಣಾರ ಉತ್ತರಾನ ಎರಡ ಸಲ ಜೋರಾಗಿ ಓದಿ ತೋರಿಸ್ಯಾರ. ಕಿಲಿಮಂಜಾರೋ ಶಿಖರ ಬಿಟ್ಟೇವಿ, ಮಂದಾರಾ ಹಟ್ ತನಕ ಅಂತ ಬರಕೊಂಡೇವಿ. ಬೊಲಿವಿಯಾ ಅಕ್ಟೋಬರ್ ಕೊನೀಗೆ. ಅತ್ತಿಯವರು ಮುಕ್ತಿನಾಥ ಅಂದ ಕೂಡಲೇ ಗಂಡಕಿ ಸಾಲಿಗ್ರಾಮ ಅಂತ ಶುರು ಮಾಡ್ಯಾರ, ನಿನ್ನೆಯಿಂದ ಮನ್ಯಾಗ ಕಳಾನ ಬ್ಯಾರೆ ಅದ. ಇನ್ನೊಂದೆರಡು ಕೇಳೋದದ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಪೇಡಾ ಎಲ್ಲಾ ಕಟ್ಟಿ ಕೊಡ್ತೀನಿ ಅಂತಾರ ಅತ್ತಿಯವರು, ಒಯ್ಲಿಕ್ಕೆ ಬಿಡ್ತಾರೇನು? ಮತ್ತ ಯೆಲ್ಲೋ ಫೀವರ್ ಇಂಜೆಕ್ಷನ್ ಬೇಕು ಅಂತ ಯಾರೋ ಅಂದ್ರು, ನಾವು ಕಡೀಕ ನ್ಯೂಜಿಲೆಂಡಿನಿಂದ ಬರ್ತೇವಿ, ಆದ್ರೂ ಬೇಕೇನು?

ಉಣಕಲ್_ಕೆರಿ (ಹುಬ್ಬಳ್ಳಿ)

ನೇಪಾಳಕ್ಕ, ಜಾರ್ಜಿಯಾಕ್ಕ ರೊಟ್ಟಿ ಚಟ್ನಿ ಧಾರಾಳ ಒಯ್ರಿ, ಖಡಕ್ ರೊಟ್ಟಿ ಸ್ಟೀಲ್ ಡಬ್ಬ್ಯಾಗ ಇಡ್ರಿ, ಬ್ಯಾಗಿನ್ಯಾಗ ಪುಡಿ ಆಗತಾವ. ಪೇಡಾ ಹಾಲಿಂದು, ಯುರೋಪಿನ ದೇಶದವರು ಹೊರಗಿಂದ ಹಾಲಿನ ಪದಾರ್ಥ ಬಿಡೂದಿಲ್ಲ, ಅದನ್ನ ಅಲ್ಲಿಗೆ ಮುಟ್ಟೋಕಿಂತ ಮೊದಲ ತಿಂದು ಮುಗಸ್ರಿ. ಚಿಲಿ ಮತ್ತ ನ್ಯೂಜಿಲೆಂಡ್ ಭಾಳ ಕಟ್ಟುನಿಟ್ಟು. ಕಾಳು, ಬೀಜ, ಹಣ್ಣು, ಜೇನು ಏನ ಇದ್ರೂ ಫಾರ್ಮಿನ್ಯಾಗ ಬರೀಬೇಕು, ನ್ಯೂಜಿಲೆಂಡಿನ್ಯಾಗ ಬರೀದೇ ಸಿಕ್ರ ಅಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಬರದ್ರ ಏನೂ ಆಗೂದಿಲ್ಲ, ನೋಡತಾರ, ಬ್ಯಾಡಾದ್ದು ತಗದ ಇಟ್ಕೋತಾರ. ಗುಡ್ಡ ಹತ್ತಾವ್ರಿಗೆ ಇನ್ನೊಂದು ಮುಖ್ಯ, ನಿಮ್ಮ ಬೂಟನ್ನೂ ಅಲ್ಲಿ ಬರೀಬೇಕು. ಪೆಟಗೋನಿಯಾದ ಮಣ್ಣು ಬೂಟಿನ ಅಡಿ ಇರಬಾರದು, ಸಾಂಟಿಯಾಗೋದಾಗ ಹಳೇ ಹಲ್ಲಿನ ಬ್ರಶ್ ತಗೊಂಡು ತೊಳದು ಒಣಗಿಸಿ ಪ್ಯಾಕ್ ಮಾಡ್ರಿ.

ಇನ್ಶೂರನ್ಸ್ ಪಾಲಿಸಿ ಸಣ್ಣ ಅಕ್ಷರ ಓದ್ರಿ. ಭಾಳ ಪಾಲಿಸ್ಯಾಗ ಇಂತಿಷ್ಟ ಮೀಟರ್ ಮ್ಯಾಲ ಟ್ರೆಕ್ಕಿಂಗ್ ಹೋದ್ರ ಕ್ಲೇಮ್ ಇಲ್ಲ ಅಂತ ಇರತೈತಿ, ಹೆಲಿಕಾಪ್ಟರ್ ರೆಸ್ಕ್ಯೂ ಐತೋ ಇಲ್ಲೋ ಬರವಣಿಗ್ಯಾಗ ಕೇಳ್ರಿ. ಬಿಪಿ ಇದ್ದದ್ದನ್ನ ಮುಚ್ಚಿಡಬ್ಯಾಡ್ರಿ.

ವಿದ್ಯಾನಗರ_ಡಾಕ್ಟರ್ (ಹುಬ್ಬಳ್ಳಿ)

ಯೆಲ್ಲೋ ಫೀವರ್ ಇಂಜೆಕ್ಷನ್ ಹಾಕಿಸ್ಕೊಂಡೇ ಹೋಗ್ರಿ. ಕೀನ್ಯಾ, ಇಥಿಯೋಪಿಯಾ, ಪೆರು, ಬೊಲಿವಿಯಾ ಇವೆಲ್ಲಾ ಆ ಜ್ವರದ ಪಟ್ಟಿನ್ಯಾಗ ಬರ್ತಾವ. ಪ್ಲಾನ್ ಪ್ರಕಾರ ನ್ಯೂಜಿಲೆಂಡಿನಿಂದ ಬಂದ್ರ ಇಲ್ಲಿ ಕೇಳಲಿಕ್ಕಿಲ್ಲ, ಆದ್ರ ಮನ್ಯಾಗ ಏನರೇ ಆಗಿ ಪೆರುವಿನ ಲೀಮಾದಿಂದನ ಅರ್ಜೆಂಟ್ ವಾಪಸ್ ಬರೋ ಪ್ರಸಂಗ ಬಂತಂದ್ರ ಕಾರ್ಡ್ ಇಲ್ಲದವರನ್ನ ಭಾರತದ ಏರ್‌ಪೋರ್ಟಿನ್ಯಾಗ 6 ದಿನದ ತನಕ ಕ್ವಾರಂಟೈನ್ ಮಾಡಬಹುದು. ದಾರ್ಯಾಗ ಇಥಿಯೋಪಿಯಾ ಇಲ್ಲಾ ಕೀನ್ಯಾದಾಗ 12 ತಾಸಿಗಿಂತ ಹೆಚ್ಚು ನಿಂತು ಟಾಂಜಾನಿಯಾಕ್ಕ ಹೋದ್ರ ಅಲ್ಲಿಯೂ ಕೇಳ್ತಾರ. ಪ್ರಯಾಣಕ್ಕ ಕನಿಷ್ಠ 10 ದಿನ ಮೊದಲ ಹಾಕಿಸ್ಕೋಬೇಕು, ಒಮ್ಮೆ ಹಾಕಿಸ್ಕೊಂಡ್ರ 2016ರ ನಿಯಮದ ಪ್ರಕಾರ ಜೀವನಪರ್ಯಂತ ನಡೀತದ. ಸರ್ಕಾರ ಗೊತ್ತು ಮಾಡಿದ ಸೆಂಟರ್‌ನ್ಯಾಗ ಅಷ್ಟ ಹಾಕ್ತಾರ, ಬೆಂಗಳೂರಾಗ ಅದ, ವೀಸಾ ಕೆಲಸಕ್ಕ ಹೋದಾಗನ ಪಾಸ್‌ಪೋರ್ಟ್ ತೋರಿಸಿ ಮುಗಿಸಿಬಿಡ್ರಿ. ತತ್ತಿ ಅಲರ್ಜಿ ಇದ್ದವರಿಗೆ ಇದು ನಡೆಯೂದಿಲ್ಲ, ತತ್ತಿ ತಿನ್ನದವರಿಗೆ ಅಲರ್ಜಿ ಇದ್ರೂ ಗೊತ್ತಿರೂದಿಲ್ಲ, ಹಿಂಗಾಗಿ ನೀವು ಎಂದೂ ತಿಂದಿಲ್ಲ ಅನ್ನೋದನ್ನ ಅಲ್ಲಿಯ ಡಾಕ್ಟರಿಗೆ ಮೊದಲ ಹೇಳ್ರಿ.